ಅತ್ತೆ ಕಟ್ಟಿದ ಮಡಿಲಕ್ಕಿ

ತೊಟ್ಟಿಲಲ್ಲಿ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಬಾಣಂತಿಯ ಹಾಸಿಗೆ ಬರಿದಾಗಿತ್ತು. ಬೆಳ್ಳುಳ್ಳಿ ಸಾರಿನ ಬಟ್ಟಲು ಹಿಡಿದು ಬಂದ ದೇವಿರಮ್ಮ ಅದನ್ನು ಅಲ್ಲೇ ಕುಕ್ಕಿ ಮಗ ನಾಗರಾಜುವನ್ನು ಕೂಗಿದಳು.

ಸೊಸೆ ಸಬಿತಾ ಒಡಿಶಾದವಳು. ಕಬ್ಬು, ಗದ್ದೆ ಎಲ್ಲ ಇದ್ದರೂ ನಾಗರಾಜುವಿಗೆ ಸುತ್ತಿನ ಹಳ್ಳಿಗಳಲ್ಲಿ ಯಾರೂ ಹೆಣ್ಣು ಕೊಡಲಿಲ್ಲ. ಬೇಸಾಯ ಮಾಡುವವನೆಂದರೆ ಹುಡುಗಿಯರು ಮೂಗು ಮುರಿಯುವ ಕಾಲ ನೋಡಿ! ಕೊನೆಗೆ ಅಷ್ಟು ದೂರದಿಂದ ತಂದದ್ದಾಯಿತು. ಚೊಚ್ಚಲ ಬಾಣಂತನ ತವರಿನದು. ಆದರೆ ಆ ರೈಲುಹಾದಿ ಕೇಳಿಯೇ ಹೆದರಿ ದೇವಿರಮ್ಮ ತಾನೇ ನಿಂತು ಮಾಡಿದಳು. ಏನು ಕಡಿಮೆ ಮಾಡಿದಳು ಹೇಳಿ? ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಬಟ್ಟೆ. ಬಾಣಂತಿಯ ಕಣ್ಣಿಗೆ ಆಗದೆಂದು ಮೊಬೈಲನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆ ಹುಡುಗಿ ತಾಯಿಯೊಡನೆ, ತನ್ನ ಮಾತಿನಲ್ಲಿ ಮಾತಾಡುತ್ತಿದ್ದುದು ಅದೊಂದರಲ್ಲೇ ಎಂಬುದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

"ಯಾಕವ್ವ ಅಳ್ತೀಯಾ?" ಎಂದರೆ ಸಬಿತಾ, "ಗೊತ್ತಿಲ್ಲ..." ಎನ್ನುತ್ತಿದ್ದಳು. "ಕೂಸ್ನ ಎತ್ಕೊ" ಎಂದರೂ ಅದೇ, "ಗೊತ್ತಿಲ್ಲ..."

ನಾಗರಾಜು ಹುಡುಕಿದಾಗ ಅವಳು ಯಲಿಯೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಕಿವಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಎಲ್ಲಿಗೆ ಹೊರಟಿದ್ದಳೋ, ಅವಳಿಗೇ ತಿಳಿಯದು.

"ಗಾಳಿ ಸೋಕ್ಯದೆ ಕಣವ್ವ ಇವಳ್ಗೆ," ಎಂದು ಅವನು ಮನೆಗೆ ಬಂದು ಗುಡುಗಿದ. "ಕೂಸ್ನ ನಾವೇ ಮಡಿಕ್ಕಂಡು ಇವಳ್ನ ಕಳಿಸ್ಬುಡವ."

"ಬಾಯ್ ಮುಚ್ಲಾ. ಮೊದ್ಲು ಆಸ್ಪತ್ರೆಗೆ ನಡಿ."

ಮಂಡ್ಯದ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: "ಗಾಳಿಯೂ ಅಲ್ಲ, ಸೊಕ್ಕೂ ಅಲ್ಲ. ಹೆತ್ತ ಮೇಲೆ ಕೆಲವರ ಮನಸ್ಸಿಗೆ ಬರೋ ಕಾಯಿಲೆ ಇದು, ವಾಸಿಯಾಗುತ್ತೆ. ಮಾತ್ರೆ ತಪ್ಪಿಸಬೇಡಿ, ಒಬ್ಬಳನ್ನೇ ಬಿಡಬೇಡಿ. ಅವರಮ್ಮನ ಹತ್ರ ಮಾತಾಡ್ತಾ ಇದ್ದಾಳಾ?"

ದೇವಿರಮ್ಮ ತಲೆ ತಗ್ಗಿಸಿದಳು. ಮನೆಗೆ ಬಂದವಳೇ ಬೀರು ತೆಗೆದಳು. ಸೊಸೆಯ ಕಿವಿಯ ಬಟ್ಟೆಯನ್ನು ತಾನೇ ಬಿಚ್ಚಿ ಮೊಬೈಲು ಹಿಡಿದಳು. ಆ ಕಡೆಯ ದನಿ ಕೇಳಿದ್ದೇ ತಡ, ಸಬಿತಾ "ಮಾ..." ಎಂದು ಬಿಕ್ಕಿದಳು. ಮುಂದಿನ ಒಂದು ಮಾತೂ ದೇವಿರಮ್ಮನಿಗೆ ತಿಳಿಯಲಿಲ್ಲ. ಆದರೂ ಅವಳ ಕಣ್ಣೂ ತುಂಬಿ ಬಂತು. "ತಪ್ಪಾಯ್ತು ಕಣವ್ವ... ಒಳ್ಳೇದು ಅಂತಲೇ ಮಾಡ್ದೆ..." ಎಂದು ಸೊಸೆಯ ತಲೆ ನೇವರಿಸಿದಳು.

ಮಾತ್ರೆಯಿಂದ ನಿದ್ದೆ ಬಂತು. ಸಬಿತಾ ಕೂಸನ್ನು ಎತ್ತಿಕೊಳ್ಳತೊಡಗಿದಳು. ಡಾಕ್ಟರಮ್ಮ ಒಪ್ಪಿದ ಮೇಲೆ ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಂದ.

"ಕೂಸ್ನ ಬುಟ್ಟೋಗ್ಲಿ," ಎಂದ ನಾಗರಾಜು. "ಆಗ ಬಂದೇ ಬತ್ತಾಳೆ."

"ಅದೇನು ಕೂಸಾ, ಅಡವಿಟ್ಟ ಸರವಾ? ಅವಳ ಜೊತೇಲೇ ಓಗ್ಲಿ."

ಮೊಮ್ಮಗನನ್ನು ಕ್ಷಣವೂ ನೆಲಕ್ಕಿಳಿಸದ ಮುದುಕಿ ಆಡಿದ ಮಾತು ಅದು. ಮಂಡ್ಯ ಸ್ಟೇಷನ್ನಿನಲ್ಲಿ ಅವಳು ಸೊಸೆಯ ಸೆರಗು ಹಿಡಿಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಸುರಿದಳು.

"ಅತ್ತೆ ಮಡಿಲಕ್ಕಿ ಕಟ್ಟೋದು ಎಲ್ಲಾರ ಉಂಟಾ? ತವರಿಂದ ಓಗೋವಾಗ ತಾಯಿ ಕಟ್ಟೋದಲ್ವಾ?" ನಾಗರಾಜು ಗೊಂದಲದಿಂದ ಕೇಳಿದ.

"ಅದ್ಕೇ ಕಟ್ತಾ ಇವ್ನಿ. ಇದೂ ಅವಳ ತವರೇ ಅನ್ಕಳ್ಳಿ."

ಸಬಿತಾಳಿಗೆ ಅರ್ಥವಾಯಿತೋ ಇಲ್ಲವೋ. ಸೆರಗಿನ ಗಂಟನ್ನು ಒಂದು ಕೈಯಲ್ಲಿ, ಕೂಸನ್ನು ಇನ್ನೊಂದರಲ್ಲಿ ಅವುಚಿಕೊಂಡು ರೈಲು ಹತ್ತಿದಳು. ಕಿಟಕಿಯಿಂದ ಅತ್ತೆಯನ್ನೇ ನೋಡುತ್ತಿದ್ದಳು. ರೈಲು ಹೊರಟಿತು.

"ವಾಪಸ್ ಬತ್ತಾಳೇನವ್ವ?"

ದೇವಿರಮ್ಮ ಬರಿದಾದ ಅಕ್ಕಿಚೀಲವನ್ನು ಮಡಿಸುತ್ತಾ ನಿಂತಿದ್ದಳು.

"ಗೊತ್ತಿಲ್ಲ ಕಣ್ಲಾ," ಎಂದಳು.