ಎರಡು ಕೆಜಿ ಈರುಳ್ಳಿ

ಅಂಗಡಿಯ ಗಾಜಿನ ಬಾಗಿಲಾಚೆ ಏಣಿ ಕಾಣಿಸಿದ್ದೇ ತಡ, ಗಿಣಿಯ ಎದೆ ಧಸಕ್ಕೆಂದಿತು.

ಏಣಿ ಅಂದರೆ ಹತ್ತುವ ಏಣಿಯಲ್ಲ, ಅವಳ ಕ್ಲಾಸಿನ ಉದ್ದನೆಯ ಹುಡುಗಿ. ಗಿಣಿ ಅಂದರೂ ಹಾರುವ ಗಿಣಿಯಲ್ಲ. ಪಟಪಟ ಮಾತಾಡುತ್ತಾಳೆಂದು ಅಪ್ಪ ಇಟ್ಟ ಹೆಸರು ಅದು. ಅವರೆಲ್ಲ ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಇಲ್ಲಿನ ಭಾಷೆಯನ್ನು ಗಿಣಿ ಆರೇ ತಿಂಗಳಲ್ಲಿ ಕಲಿತುಬಿಟ್ಟಿದ್ದಳು. ಅಪ್ಪ ಮಾತ್ರ ಇನ್ನೂ ಎಡವಿ ಎಡವಿ ಮಾತಾಡುತ್ತಿದ್ದರು.

ಆದರೆ ಮಾತು ಜಾಸ್ತಿಯಾದರೆ ಬಾಲದಂತೆ ಸುಳ್ಳೂ ಹಿಂದೆ ಬರುತ್ತದೆ. ಹೋದ ವಾರ ಕ್ಲಾಸಿನಲ್ಲಿ ಗಿಣಿ, "ನಮ್ಮಪ್ಪಂದು ಇಂಟರ್‌ನ್ಯಾಷನಲ್ ಬಿಸಿನೆಸ್. ದೊಡ್ಡ ಆಫೀಸಿದೆ" ಅಂದುಬಿಟ್ಟಿದ್ದಳು. ಆ ದೊಡ್ಡ ಆಫೀಸಿನಲ್ಲೇ ಈಗ ಅಮ್ಮನ ಸ್ಲಿಪ್ಪರ್ ಹಾಕಿಕೊಂಡು ಮೊಟ್ಟೆ ಟ್ರೇ ಜೋಡಿಸುತ್ತಿದ್ದಳು!

ಬಾಗಿಲು ಕಿರ್ರೆಂದಿತು.

"ಅರೆ, ನೀನಿಲ್ಲಿ?" ಅಂದಳು ಏಣಿ.

"ನಾನಾ? ಸಾಮಾನು ತಗೊಳ್ಳೋಕೆ ಬಂದೆ." ಗಿಣಿ ಕೌಂಟರಿನ ಕಡೆ ತಿರುಗಿದಳು. "ಅಂಕಲ್, ಈರುಳ್ಳಿ ಕೊಡಿ."

ಅಂಕಲ್! ಸ್ವಂತ ಅಪ್ಪನಿಗೆ! ಆಡಿದ ಮಾತನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಳ್ಳುವಂತಿದ್ದರೆ ಅದನ್ನೂ ಮಾಡುತ್ತಿದ್ದಳೇನೋ.

ಅಪ್ಪ ಅವಳನ್ನು ನೋಡಿದರು. ಏಣಿಯನ್ನೂ ನೋಡಿದರು. "ನಿಮಗೆ ಎಷ್ಟು ಬೇಕು?" ಅಂತ ಕೇಳಿದರು.

"ಎ... ಎರಡು ಕೆಜಿ."

"ಸಣ್ಣದು ಕೊಡಲಾ, ದಪ್ಪದು ಕೊಡಲಾ?"

ಅಷ್ಟರಲ್ಲಿ ಒಳಕೋಣೆಯಿಂದ ತಮ್ಮನ ತಲೆ ಹೊರಬಂತು. "ಅಕ್ಕಾ, ಅಮ್ಮ ಕರೀತಿದ್ದಾಳೆ!"

ಗಿಣಿ ಆಚೀಚೆ ನೋಡಿದಳು. "ಪಾಪ, ಯಾರದೋ ಮಗು. ಅವರಕ್ಕನ್ನ ಹುಡುಕ್ತಿದೆ."

ತಮ್ಮ ಬಾಯಿ ತೆರೆದುಕೊಂಡೇ ನಿಂತ. ಏಣಿ ಒಂದು ರಬ್ಬರ್ ಕೊಂಡು, ಟಾಟಾ ಮಾಡಿ ಹೋದಳು.

ಅಬ್ಬಾ, ಬಚಾವಾದೆ ಅಂದುಕೊಂಡಳು ಗಿಣಿ. ಅಪ್ಪ ತೂಗಿದ ಈರುಳ್ಳಿಯನ್ನು ಒಂದೊಂದಾಗಿ ಚೀಲಕ್ಕೆ ವಾಪಸ್ ಹಾಕುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು.

"ಅಪ್ಪಾ..."

"ಮೊಟ್ಟೆ ನೋಡಿ ಇಡು ಮಗಳೇ, ಒಡೆದೀತು."

ಅಷ್ಟೇ. ಬೈಯಲೇ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು. ನಾಚಿಕೆಯಾಗಿದ್ದು ತನಗೊಬ್ಬಳಿಗೇ ಅಂದುಕೊಂಡಿದ್ದಳು ಗಿಣಿ. ಅಪ್ಪನಿಗೂ ಕಿವಿ ಕೆಂಪಾಗುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಟ್ರೇ ಕೆಳಗಿಟ್ಟು ರಸ್ತೆಗೆ ಓಡಿದಳು. "ಏಣೀ, ನಿಲ್ಲೇ! ಅದು ನಮ್ಮಂಗಡಿ. ಅವರು ನಮ್ಮಪ್ಪ. ಆಫೀಸೂ ಇಲ್ಲ, ಗೀಫೀಸೂ ಇಲ್ಲ!"

"ಗೊತ್ತಾಯ್ತು," ಅಂದಳು ಏಣಿ. "ನಿನ್ನ ಮೂಗು, ಅವರ ಮೂಗು, ಆ ಮಗು ಮೂಗು, ಮೂರೂ ಒಂದೇ ಅಚ್ಚು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಅಷ್ಟು ಕಷ್ಟಪಟ್ಟು ಆಕ್ಟಿಂಗ್ ಮಾಡ್ತಿದ್ದೆ. ಮಧ್ಯೆ ಹೇಗೆ ನಿಲ್ಲಿಸೋದು?"

ಗಿಣಿಗೆ ನಗು ಬಂತು, ಅಳುವೂ ಬಂತು. 'ಇಡೀ ಕ್ಲಾಸಿಗೆ ನಾನೇ ಜಾಣೆಯಂತೆ!' ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಆಮೇಲೆ ಏಣಿಯ ಕೈ ಹಿಡಿದು ಅಂಗಡಿಗೆ ಎಳೆದುಕೊಂಡು ಬಂದಳು.

ಅಪ್ಪ ತಲೆಯೆತ್ತಿದರು. ಇಬ್ಬರನ್ನೂ ನೋಡಿ, "ನೀ..." ಅಂದು ತಡೆದರು. ನೀನು ಅನ್ನಬೇಕೋ, ನೀವು ಅನ್ನಬೇಕೋ ಅವರಿಗೆ ತೋಚಲಿಲ್ಲ.

ಅವರು ಮುಂದೆ ತಡವರಿಸುವ ಮೊದಲೇ ಗಿಣಿ ಕೌಂಟರ್ ದಾಟಿ ಅವರ ಪಕ್ಕದಲ್ಲಿ ನಿಂತುಕೊಂಡಳು.

"ಅಪ್ಪಾ," ಅಂದಳು, "ಇವಳು ನನ್ನ ಫ್ರೆಂಡ್."