ಹಿಂದಿನ ಸೀಟಿನ ಎರಡು ಮೂಟೆ

ವೆಲ್ಡಿಂಗ್ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದಾಗ ಪುಟ್ಟಿಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಹಿಂದಿನ ದಿನವಷ್ಟೇ ಅವಳು ಎಲ್ಲರೆದುರು ಅವರಿಗೆ, "ನಿಮ್ಮ ಕೈಗೆ ವಯಸ್ಸಾಯ್ತು ಮೇಸ್ತ್ರಿ, ನಾಳೆಯಿಂದ ಬರೋದು ಬೇಡ" ಅಂದಿದ್ದಳು. ಅಪ್ಪನ ವಯಸ್ಸಿನ ಮನುಷ್ಯ. ಕೈಗವಸು ಕಳಚಿಟ್ಟು ಹೋಗಿದ್ದರು.

ಈಗ ಅವರು ಬಂದದ್ದು ಅವಳ ಹತ್ತಿರ ಅಲ್ಲ, ಅವಳ ಸೋದರತ್ತೆಯ ಹತ್ತಿರ. ಅತ್ತೆ ತೂಕ–ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿಯವರ ತಕ್ಕಡಿ ಹಿಡಿದು ಬೆವರಿಳಿಸಿದವರು. ನಿವೃತ್ತಿಯಾಗಿ ಶೆಡ್ಡಿನ ಮೇಲಿನ ಕೋಣೆಗೆ ಬಂದಮೇಲೆ, ಬೀದಿಯಲ್ಲಿ ಏನು ಕಳುವಾದರೂ ಜನ ಈ ಮೆಟ್ಟಿಲನ್ನೇ ಹತ್ತುತ್ತಿದ್ದರು. ಅವರ ಹಿಂದೆ ನೋಟ್‌ಪುಸ್ತಕ ಹಿಡಿದು ಅಲೆಯುವ ಕೆಲಸ ಪುಟ್ಟಿಯದು.

"ಕೆಲಸ ಹೋದ್ರೆ ಹೋಗ್ಲಿ ಅಮ್ಮ," ಅಂದರು ಮೇಸ್ತ್ರಿ. "ನನ್ನ ಮಗಳು ಆಸ್ಪತ್ರೆ ಬಾಗಿಲಲ್ಲೇ ನಿಲ್ಲಿಸಿ, 'ಅಪ್ಪ, ನೀವು ಒಳಗೆ ಬರಬೇಡಿ' ಅಂದ್ಲು. ಅವಳ ಗಂಡನ ಕಾಲು ಮುರಿದಿದ್ದು ನನ್ನಿಂದ ಅಂತೆ. ನನ್ನ ಬೆಸುಗೆ ಬಿಟ್ಟಿದ್ರೆ ಒಪ್ಕೋತೀನಿ. ನೀವು ನೋಡಿ ಹೇಳಿ."

ಶೆಡ್ಡಿನಲ್ಲಿ ಪುಟ್ಟಿಯೂ ಅವಳ ಗಂಡನೂ ಕಟ್ಟುತ್ತಿದ್ದದ್ದು ಮೂರು ಚಕ್ರದ ಕಾರು. ಮುಂದೆ ಒಂದು ಚಕ್ರ, ಹಿಂದೆ ಎರಡು. ಸ್ಕೂಟರಿನ ಮೇಲೆ ನಾಲ್ಕು ಜನ ಇರುಕಿಕೊಂಡು ಹೋಗುವ ಸಂಸಾರಕ್ಕೂ ಕೈಗೆಟುಕಬೇಕು, ಪೆಟ್ರೋಲು ಕಡಿಮೆ ಕುಡಿಯಬೇಕು. ಗಂಡ ಎಂಜಿನಿಯರು. ನಕ್ಷೆ ಬರೆಯುವುದು, ದಿನದಿನದ ಓಟದ ಲೆಕ್ಕ ಬರೆಯುವ ಹಾಳೆ ಇಡುವುದು ಪುಟ್ಟಿಯ ಪಾಲು. ಗಾಡಿ ಓಡಿಸುವವನು ಮೇಸ್ತ್ರಿಯ ಅಳಿಯ. ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಶೆಡ್ಡಿನ ಪಕ್ಕದ ತಿರುವಿನಲ್ಲಿ ಗಾಡಿ ಮಗುಚಿತು. ಎಲ್ಲರೂ ಸೇರಿ ಎತ್ತಿ ನಿಲ್ಲಿಸಿ ಅವನನ್ನು ಈಚೆಗೆಳೆದರು, ವ್ಯಾನಿನಲ್ಲಿ ಆಸ್ಪತ್ರೆಗೆ ಓಡಿದರು. ದಾರಿಯುದ್ದಕ್ಕೂ ಅಳಿಯನ ಕಾಲು ಹಿಡಿದು ಕೂತವರು ಮೇಸ್ತ್ರಿ. ಗಾಡಿ ಕಾಯಲು ಉಳಿದವನು ಪುಟ್ಟಿಯ ಗಂಡನೊಬ್ಬನೇ. ಅವರು ವಾಪಸು ಬಂದಾಗ ಹಿಂದಿನ ಅಚ್ಚಿನ ಬೆಸುಗೆ ಬಾಯಿ ಬಿಟ್ಟಿರುವುದನ್ನು ಅವನು ಕಂಡುಹಿಡಿದಿದ್ದ.

"ಬಿಟ್ಟ ಬೆಸುಗೆ ನೀನು ನೋಡಿದ್ಯಾ ಪುಟ್ಟಿ?" ಕೇಳಿದರು ಅತ್ತೆ.

"ಇವರು ನೋಡಿದ್ರು."

"ನಿನ್ನ ಕಣ್ಣು ಅವನ ಹತ್ರ ಅಡ ಇಟ್ಟಿದ್ಯಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಾಣೋ ಕಷ್ಟವನ್ನೂ ತಗೊಂಡಿಲ್ಲ. ನಡಿ."

ತಿರುವಿನಲ್ಲಿ ಅತ್ತೆ ಮಂಡಿಯೂರಿಯೇ ಕೂತರು. ಒಳಬದಿಯ ಚಕ್ರದ ಕಪ್ಪು ಗುರುತು ನುಣ್ಣಗೆ ಬಂದು ನಡುರಸ್ತೆಯಲ್ಲಿ ನಿಂತುಹೋಗಿತ್ತು. ಗಾಡಿ ಉಜ್ಜಿದ ಕಲೆ ಶುರುವಾಗಿದ್ದು ಅಲ್ಲಿಂದ ಎರಡು ಮಾರು ಮುಂದೆ. ನಡುವೆ ಕಬ್ಬಿಣ ಗೀರಿದ ಗೆರೆ ಒಂದೂ ಇರಲಿಲ್ಲ.

ಶೆಡ್ಡಿನಲ್ಲಿ ಗಾಡಿ ಗುರುವಾರ ತಂದು ನಿಲ್ಲಿಸಿದ ಹಾಗೇ ಇತ್ತು. ಹಿಂದಿನ ಕಿಟಕಿಯ ಗಾಜು ಪುಡಿಪುಡಿ. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದ ಎರಡು ಮರಳಿನ ಮೂಟೆ, ಒಂದೊಂದೂ ಐವತ್ತು ಕಿಲೋ. ಹಿಂದೆ ಕೂರುವ ಇಬ್ಬರ ಬದಲಿಗೆ ಆ ಮೂಟೆ. ಅವಿಲ್ಲದೆ ಗಾಡಿ ಓಡಿಸಬಾರದು ಅನ್ನುವುದು ಶೆಡ್ಡಿನ ನಿಯಮ. ತುಂಬುವವರು ಒಬ್ಬರು, ತೂಗಿ ನೋಡಿ ಸಹಿ ಹಾಕುವವರು ಇನ್ನೊಬ್ಬರು. ಅತ್ತೆ ಪುಟ್ಟಿಯ ಕೈಲಿ ಒಂದು ಮೂಟೆ ಪಕ್ಕಕ್ಕೆ ಎಳೆಸಿದರು. "ಕಂಡಿದ್ದು ಬರ್ಕೋ," ಅಂದರು.

'ಮೂಟೆಯ ಮೇಲೆ ಗಾಜಿಲ್ಲ. ಅಡಿಯಲ್ಲಿ ಒಂದು ಬೊಗಸೆ' ಎಂದು ಪುಟ್ಟಿ ಬರೆದುಕೊಂಡಳು. ಆಗಲೂ ಅದರ ಅರ್ಥ ತಲೆಗೆ ಹೋಗಲಿಲ್ಲ.

ಆಮೇಲೆ ಓಟದ ಹಾಳೆಗಳು. ಎರಡು ತಿಂಗಳು ಲೀಟರಿಗೆ ಇಪ್ಪತ್ತೊಂಬತ್ತು, ಮೂವತ್ತು ಕಿಲೋಮೀಟರು. ಈ ಸೋಮವಾರದಿಂದ ಮೂವತ್ತಾರು.

"ಎಂಜಿನ್ ಬದಲಾಯ್ಸಿದ್ರಾ?"

"ಇಲ್ಲ. ಇವರು ಏನೋ ಟ್ಯೂನಿಂಗ್ ಮಾಡಿದ್ರಂತೆ."

"ತೂಕ ನೋಡಿದೆ ಅನ್ನೋ ಸಹಿ ನಿಂದೇ ತಾನೆ?"

"ಹೂಂ," ಅಂದಳು ಪುಟ್ಟಿ. ಹೇಳಬೇಕಾದದ್ದು ಇನ್ನೂ ಇತ್ತು, ಅದರ ಬದಲು ಮುಂದಿನ ಹಾಳೆ ತೆಗೆದುಕೊಟ್ಟಳು. ಅತ್ತೆ ಕೊನೆಯ ಹಾಳೆಯವರೆಗೂ ತಿರುವಿ ಕಟ್ಟು ಮುಚ್ಚಿದರು.

ಮಧ್ಯಾಹ್ನ ಎಲ್ಲರನ್ನೂ ಗಾಡಿಯ ಸುತ್ತ ಸೇರಿಸಿದರು: ಪುಟ್ಟಿಯ ಗಂಡ, ಇಬ್ಬರು ಮೆಕ್ಯಾನಿಕ್ಕುಗಳು, ಮೇಸ್ತ್ರಿ.

"ಬೆಸುಗೆ ಮೊದಲು ಬಿಟ್ಟಿದ್ರೆ ಅಚ್ಚು ಕೆಳಗೆ ಬಿದ್ದು ರಸ್ತೆ ಗೀರ್ತಿತ್ತು," ಅತ್ತೆ ಶುರುಮಾಡಿದರು. "ಗೀರಿಲ್ಲ. ಚಕ್ರ ಸರಿಯಾಗಿದ್ದಾಗಲೇ ಮೇಲೆದ್ದಿದೆ. ಗಾಡಿ ನೆಲಕ್ಕೆ ಬಡಿದಮೇಲೆ ಬೆಸುಗೆ ಬಿಟ್ಟಿದ್ದು. ಹಾಗಾದ್ರೆ ಎರಡು ತಿಂಗಳು ಇದೇ ತಿರುವು ತಿರುಗಿದ ಗಾಡಿ ಈಗ ಯಾಕೆ ಮಗುಚಿತು? ಮುಂದೆ ಒಂದೇ ಚಕ್ರ ಇರೋ ಗಾಡಿಗೆ ಹಿಂದಿನ ಭಾರವೇ ಆಧಾರ. ಸೋಮವಾರ ಆ ಭಾರ ಹೋಯ್ತು. ಅದಕ್ಕೇ ಮೈಲೇಜು ಏರಿದ್ದು."

"ಮೂಟೆ ಇಲ್ಲೇ ಇದೆಯಲ್ಲಮ್ಮ," ಅಂದ ಒಬ್ಬ ಮೆಕ್ಯಾನಿಕ್.

"ಇದೆ. ಒಡೆದ ಗಾಜಿನ ಮೇಲೆ ಕೂತಿದೆ. ಮೊದಲೇ ಇದ್ದಿದ್ರೆ ಅದರಡಿಗೆ ಬೊಗಸೆ ಗಾಜು ಹೇಗೆ ನುಗ್ಗತ್ತೆ? ಅಪಘಾತ ಆದಮೇಲೆ ಇಟ್ಟಿದ್ದು ಇದು. ಅದಕ್ಕೆ ಮುಂಚೆ ಇದ್ದಿದ್ದು ನೋಡೋಕೆ ಹೀಗೇ ಇರೋ ಹಗುರದ ಮೂಟೆ. ಎಲ್ಲರೂ ಆಸ್ಪತ್ರೆಯಲ್ಲಿದ್ರಿ. ಇಲ್ಲಿ ಉಳಿದವರು ಒಬ್ಬರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಪುಟ್ಟಿಯ ಗಂಡ ಅಷ್ಟೂ ಮಾಡಲಿಲ್ಲ. ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟ.

"ಮರದ ಹೊಟ್ಟು ತುಂಬಿದ್ದೆ," ಅಂದ. "ಮುಂದಿನ ವಾರ ಮೈಲೇಜು ನೋಡೋಕೆ ಪರೀಕ್ಷಕರು ಬರ್ತಾರೆ. ಮೂವತ್ತೈದು ಕೊಡತ್ತೆ ಅಂತ ಎಲ್ಲರ ಹತ್ರ ಹೇಳ್ಕೊಂಡಿದ್ದೆ, ಬರ್ಲಿಲ್ಲ. ಬೆಸುಗೆ ಬಿಟ್ಟಿದ್ದು ಕಂಡಾಗ ಆ ಮಾತು ತಾನಾಗೇ ಬಾಯಿಗೆ ಬಂತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಬರೆ ಎಳೆದದ್ದು ತನ್ನ ಬಾಯಿ ಎಂದು ನೆನೆದು ಪುಟ್ಟಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅತ್ತೆ ಮಾತು ಮುಗಿಸಿದವರಂತೆ ಓಟದ ಹಾಳೆಗಳನ್ನು ಜೋಡಿಸುತ್ತಿದ್ದರು. ಅವಳನ್ನು ನೋಡಲೂ ಇಲ್ಲ.

"ನಾನು ತೂಕ ನೋಡಿಲ್ಲ," ಅಂದಳು ಪುಟ್ಟಿ. "ಸೋಮವಾರ ಕೂತು ಇಡೀ ವಾರದ ಹಾಳೆಗೆ ಒಟ್ಟಿಗೇ ಸಹಿ ಹಾಕಿಬಿಟ್ಟೆ. ಯಾವಾಗಲೂ ಹಾಗೇ ಮಾಡೋದು. ಗಂಡನೇ ಅಲ್ವಾ ತುಂಬಿದ್ದು ಅಂತ."

"ಗೊತ್ತು. ಇವತ್ತು ಶುಕ್ರವಾರ, ನಾಳೆಯದಕ್ಕೂ ನಿನ್ನ ಸಹಿ ಬಿದ್ದಿದೆ," ಅಂದರು ಅತ್ತೆ. "ನೀನೇ ಹೇಳ್ತೀಯೇನೋ ಅಂತ ಕಾದೆ."

ಪುಟ್ಟಿ ಮೇಸ್ತ್ರಿಯ ಕಡೆ ತಿರುಗಿದಳು. ತಪ್ಪಾಯ್ತು ಅನ್ನುವುದರೊಳಗೆ ಅವರು ಕೈಯೆತ್ತಿ ತಡೆದರು.

"ನನ್ನ ಬೆಸುಗೆ ನನಗೆ ಗೊತ್ತಿತ್ತಮ್ಮ. ನನಗೆ ಹೇಳಿ ಏನು ಪ್ರಯೋಜನ? ನನ್ನ ಮಗಳಿಗೆ ಹೇಳಿ."

ಆಸ್ಪತ್ರೆಯಲ್ಲಿ ಮೇಸ್ತ್ರಿ ವಾರ್ಡಿನ ಹೊರಗೆ ಗೋಡೆಗೊರಗಿ ನಿಂತರು, ಕರೆದರೂ ಒಳಗೆ ಬರಲಿಲ್ಲ. ಪುಟ್ಟಿ ಒಬ್ಬಳೇ ಹೋದಳು. ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಅಳಿಯ ಮಲಗಿದ್ದ. ಪಕ್ಕದಲ್ಲಿ ಮಗಳು ಹೊದಿಕೆ ಮಡಿಸುತ್ತಿದ್ದಳು. ಪುಟ್ಟಿಯನ್ನು ಕಂಡು ಗೌರವದಿಂದ ಎದ್ದು ನಿಂತಳು. ಆ ಗೌರವವನ್ನು ಪುಟ್ಟಿಗೆ ತಡೆಯಲಾಗಲಿಲ್ಲ.

"ನಿಮ್ಮಪ್ಪನದು ಏನೂ ತಪ್ಪಿಲ್ಲ," ಅಂದಳು. ಮೂಟೆಯದು, ಸಹಿಯದು, ಎಲ್ಲವನ್ನೂ ಹೇಳಿದಳು. ತನ್ನ ಗಂಡನ ಮಾತು ಬಂದಾಗ ದನಿ ತಗ್ಗಿತು, ಆದರೆ ಅದನ್ನೂ ಬಿಡದೆ ಹೇಳಿದಳು.

ಮಗಳು ಕೇಳುತ್ತಾ ಹಾಗೇ ಮಂಚದ ಅಂಚಿನಲ್ಲಿ ಕೂತಳು.

"ನಾನು ಅಪ್ಪನ್ನ ಬಾಗಿಲಿಂದಲೇ ಕಳಿಸಿದೆ," ಅಂದಳು. "ನೀವು ಓದಿದವರು, ನೋಡೇ ಹೇಳಿರ್ತೀರಿ ಅಂತ."

ಮಗಳು ಎದ್ದು, ಪುಟ್ಟಿಯನ್ನು ದಾಟಿಕೊಂಡು, ಅಪ್ಪನನ್ನು ಕರೆಯಲು ಹೊರಗೆ ಹೋದಳು.