ಮಂಚದ ಜ್ವರ

ನಾನು ಪ್ರಯೋಗಾಲಯದಲ್ಲಿ ದುಡಿದವನು. ದೆವ್ವಗಿವ್ವ ಅಂದರೆ ರೇಗುತ್ತೇನೆ. ಆದರೂ ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಮುಂಬಯಿಯ ಅಂಧೇರಿಯ ಆಸ್ಪತ್ರೆಯೊಂದರಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಬಿಜಾಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಗೌಂಡಿ ಚಂದ್ರಾಮ ಬೆನ್ನಿನ ಕುರುವಿನಿಂದ ತೀರಿಕೊಂಡಿದ್ದ. ಅವನ ಕೀವಿನಲ್ಲಿದ್ದ ಸ್ಟ್ಯಾಫ್ ಎಂಬ ರೋಗಾಣು ಪೆನಿಸಿಲಿನ್‌ಗೂ ಬಗ್ಗಲಿಲ್ಲ, ಹೊಸ ಮೆಥಿಸಿಲಿನ್‌ಗೂ ಬಗ್ಗಲಿಲ್ಲ. ಹಾಸಿಗೆ ಸುಟ್ಟು, ಕೋಣೆಗೆ ಫಾರ್ಮಲಿನ್ ಹೊಗೆ ಹಾಕಿ, ಬರೀ ಕಬ್ಬಿಣದ ಮಂಚ ಉಳಿಸಿದರು. ಅದನ್ನು ಹತ್ತಿಯಿಂದ ಒರೆಸಿ, ರೋಗಾಣು ಸತ್ತಿದೆಯೇ ಎಂದು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವುದು ನನ್ನ ಕೆಲಸ.

ಮಧ್ಯಾಹ್ನ ಹೋದಾಗ ಆಯಾ ಮಲ್ಲಕ್ಕ ಮಂಚದ ತಲೆಗಂಬಿಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

“ಏನಿದು ಮಲ್ಲಕ್ಕಾ? ಅಂವ ಸತ್ತು ವಾರ ಆತು!”

“ಜ್ವರ ಇನ್ನಾ ಇಳದಿಲ್ರೀ ಅಣ್ಣಾರ. ಮುಟ್ಟಿ ನೋಡ್ರಿ.”

ಮುಟ್ಟಿದೆ. ಕಬ್ಬಿಣ ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಬಟ್ಟೆ ನೋಡನೋಡುತ್ತಲೇ ಒಣಗಿತು. ಮರುದಿನ ತಟ್ಟೆಯ ತುಂಬ ಬಂಗಾರದ ಬಣ್ಣದ ರೋಗಾಣು ಬೆಳೆದಿತ್ತು. ಯಾವ ಔಷಧಕ್ಕೆ ಸಾಯುತ್ತದೆಂದು ತಿಳಿಯಲು ನಾನಿಟ್ಟ ಔಷಧದ ಬಿಲ್ಲೆಗಳ ಸುತ್ತಲೂ ಒಂದಿಷ್ಟೂ ಜಾಗ ಬಿಟ್ಟಿರಲಿಲ್ಲ.

ಕೆಲವು ದಿನಗಳ ನಂತರ ಮಲ್ಲಕ್ಕ ಬರಿಗೈಯಲ್ಲಿ ನಿಂತಿದ್ದಳು. “ಇಳೀತ್ರೀ,” ಅಂದಳು. ಮಂಚ ತಣ್ಣಗಿತ್ತು. ಅಂದಿನ ಹತ್ತಿಯಿಂದ ಏನೂ ಬೆಳೆಯಲಿಲ್ಲ.

ನೆಮ್ಮದಿಯಿಂದ ಬಂಗಾರದ ಬಣ್ಣದ ರೋಗಾಣು ಬೆಳೆದಿದ್ದ ಆ ಹಳೆಯ ತಟ್ಟೆಯನ್ನು, ರೋಗಾಣು ಬೆಳೆಯಲು ಬೆಚ್ಚಗಿಡುವ ಕಾವುಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟೆ. ಸಂಜೆಯಾದರೂ ಅದರ ಬಿಸಿ ಆರಲಿಲ್ಲ. ಪ್ರಯೋಗಾಲಯದ ಬಾಗಿಲಿಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ಜೇಬಿಗಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬೀಗ ತೆಗೆದಾಗ ತಟ್ಟೆಯ ಮೇಲೆ ಬಟ್ಟೆಯೊಂದು ಹಾಸಿತ್ತು. ಅಂಚೆಲ್ಲ ಒದ್ದೆಯಿತ್ತು, ನಡುವೆ, ತಟ್ಟೆಯಷ್ಟು ಅಗಲ ಮಾತ್ರ, ಒಣಗಿತ್ತು.